ಚೊಚ್ಚಲ ಹೆರಿಗೆ ಎಲ್ಲಾಗಬೇಕು?

ಸೀಮಂತ ಮುಗಿಸಿಕೊಂಡು ತವರಿಗೆ ಬಂದ ತಂಗಿಯ ಮಗಳು ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಕೇಳಿದಳು: "ದೊಡ್ಡಮ್ಮ, ಅಜ್ಜಿಗೆ ಏಳೂ ಹೆರಿಗೆ ಈ ಮನೇಲೇ ಆಯ್ತಲ್ಲ, ನಂದೂ ಇಲ್ಲೇ ಆದ್ರೆ ಏನಾಗುತ್ತೆ?" ಅವಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವಳು. ಮನೆಹೆರಿಗೆಯ ವಿಡಿಯೋಗಳನ್ನು ಮೊಬೈಲಿನಲ್ಲಿ ಸಾಕಷ್ಟು ನೋಡಿದ್ದಳು. ಅವಳ ಗೆಳತಿಯರಲ್ಲಿ ಮೂವರಿಗೆ ಸಿಸೇರಿಯನ್ ಆಗಿತ್ತು. ಅವರಲ್ಲಿ ಒಬ್ಬಳಿಗೆ ತನಗೆ ಅದು ಯಾಕೆ ಆಯಿತೆಂದು ಇವತ್ತಿಗೂ ಗೊತ್ತಿಲ್ಲ. ಇವಳಿಗಿದ್ದದ್ದು ಕತ್ತರಿಯ ಭಯಕ್ಕಿಂತ, ಅಲ್ಲಿ ತನ್ನ ಮಾತು ಯಾರ ಕಿವಿಗೂ ಬೀಳುವುದಿಲ್ಲ ಎಂಬ ಭಯ.

ನಾನು ಉತ್ತರ ಹುಡುಕುತ್ತಿರುವಾಗಲೇ ಒಳಗಿನಿಂದ ಅಮ್ಮ ಹೇಳಿದಳು: "ಏಳು ಹೆತ್ತೆ, ಉಳಿದದ್ದು ಐದು. ಮೊದಲನೇದು ಗಂಡು. ಎರಡು ಹಗಲು ಒಂದು ರಾತ್ರಿ ನೋವು ತಿಂದೆ. ಹುಟ್ಟಿದಾಗ ಮೈ ನೀಲಿ. ಅಳಲೇ ಇಲ್ಲ." ಅಮ್ಮನಿಗೀಗ ಎಂಬತ್ತೈದು. ಆ ಅಣ್ಣನ ವಿಷಯ ಅವಳ ಬಾಯಲ್ಲಿ ನಾನು ಕೇಳಿದ್ದು ಅದು ಎರಡನೆಯ ಸಲವೋ ಮೂರನೆಯ ಸಲವೋ. ಮನೆಹೆರಿಗೆಯ ಕಥೆಗಳನ್ನು ನಮಗೆ ಹೇಳುವವರೆಲ್ಲ ಉಳಿದುಕೊಂಡವರು. ಊರಿನ ನೆನಪು ಅವರ ಲೆಕ್ಕವನ್ನಷ್ಟೇ ಇಟ್ಟುಕೊಂಡಿದೆ.

ಆದರೂ ಹುಡುಗಿಯ ಪ್ರಶ್ನೆ ತಳ್ಳಿಹಾಕುವಂಥದ್ದಾಗಿರಲಿಲ್ಲ. ಇಂಗ್ಲೆಂಡ್, ನೆದರ್ಲೆಂಡ್ಸ್‌ನಂಥ ದೇಶಗಳಲ್ಲಿ ಇವತ್ತಿಗೂ ಓದುಬರಹ ಬಲ್ಲ, ಆಸ್ಪತ್ರೆ ಹತ್ತಿರವಿರುವ ಹೆಂಗಸರು ಬೇಕೆಂದೇ ಮನೆಯಲ್ಲಿ ಹೆರುತ್ತಾರೆ. ಅಲ್ಲಿನ ಸರ್ಕಾರಗಳೇ ಅದಕ್ಕೆ ವ್ಯವಸ್ಥೆ ಮಾಡಿಕೊಟ್ಟಿವೆ. ಅದು ಅಲ್ಲಿ ಹೇಗೆ ಸಾಧ್ಯವಾಯಿತು, ಚೊಚ್ಚಲು ಬಸುರಿಯ ವಿಷಯದಲ್ಲಿ ಅಲ್ಲಿನವರ ಅನುಭವ ಏನು ಹೇಳುತ್ತದೆ, ಅದರಲ್ಲಿ ನಮಗೆ ಹೊಂದುವುದೆಷ್ಟು ಎಂದು ನೋಡುತ್ತಾ ಹೋದೆ.

ಮೊದಲು ಬಿಡಿಸಿಕೊಳ್ಳಬೇಕಾದ ಗಂಟೊಂದಿದೆ. ಮನೆಯಲ್ಲಿ ಆದ ಹೆರಿಗೆಗಳೆಲ್ಲ ಒಂದೇ ಜಾತಿಯವಲ್ಲ. ಮಳೆಗಾಲದ ರಾತ್ರಿ ಗಾಡಿ ಸಿಗದೆ ಮನೆಯಲ್ಲೇ ಆದದ್ದು, ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳಿಂದ ಡೋಲಿಯಲ್ಲಿ ಹೊತ್ತು ತರುವಾಗ ದಾರಿಯಲ್ಲಾದದ್ದು ಒಂದು ಬಗೆ. ತರಬೇತಿ ಪಡೆದ ಮಿಡ್‌ವೈಫ್ ತಿಂಗಳುಗಟ್ಟಲೆ ಬಸುರಿಯನ್ನು ನೋಡಿಕೊಂಡು, ಬಿಪಿ, ರಕ್ತ, ಮಗುವಿನ ತಲೆ ಇರುವ ದಿಕ್ಕು ಎಲ್ಲ ಸರಿ ಇದ್ದರೆ ಮಾತ್ರ ಒಪ್ಪಿಕೊಂಡು ಮನೆಯಲ್ಲಿ ಮಾಡಿಸುವುದು ಇನ್ನೊಂದು ಬಗೆ. ಎರಡೂ ಬಗೆಯ ಲೆಕ್ಕವನ್ನು ಒಂದೇ ಚೀಲಕ್ಕೆ ತುಂಬಿದರೆ ಮನೆಹೆರಿಗೆ ಘೋರವಾಗಿ ಕಾಣುತ್ತದೆ. ಕಷ್ಟ ಬಂದು ಆಸ್ಪತ್ರೆಗೆ ಸಾಗಿಸಿದವರನ್ನು ಆಸ್ಪತ್ರೆಯ ಲೆಕ್ಕಕ್ಕೆ ಬರೆದುಬಿಟ್ಟರೆ ಅದೇ ಮನೆಹೆರಿಗೆ ಹಾಲಿನಷ್ಟು ಶುಭ್ರವಾಗಿ ಕಾಣುತ್ತದೆ. ಹೀಗಾಗಿ ನೋವು ಶುರುವಾದಾಗ ಹೆಂಗಸು ಎಲ್ಲಿ ಹೆರಬೇಕೆಂದುಕೊಂಡಿದ್ದಳೋ ಅದನ್ನು ಹಿಡಿದು ಲೆಕ್ಕ ಹಾಕಿದ ಅಧ್ಯಯನಗಳನ್ನಷ್ಟೇ ನಂಬಬೇಕು.

ಅಂಥವುಗಳಲ್ಲಿ ದೊಡ್ಡದು ಇಂಗ್ಲೆಂಡಿನ 'ಬರ್ತ್‌ಪ್ಲೇಸ್' ಅಧ್ಯಯನ. 2008ರಿಂದ 2010ರವರೆಗೆ ಯಾವ ತೊಡಕೂ ಕಾಣದ 64 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಹಿಂಬಾಲಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಮಗುವಿನ ಸಾವಿನ ಜೊತೆಗೆ ಉಸಿರುಕಟ್ಟಿ ಮಿದುಳಿಗೆ ಪೆಟ್ಟಾಗುವುದು, ಹೊಟ್ಟೆಯಲ್ಲೇ ಮಲವಿಸರ್ಜನೆ ಮಾಡಿಕೊಂಡು ಅದನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳುವುದು, ತೋಳಿನ ನರ ಅಥವಾ ಮೂಳೆಗೆ ಏಟಾಗುವುದು ಇವನ್ನೂ ಸೇರಿಸಿ ಲೆಕ್ಕ ಹಾಕಿದರು. ಈಗಾಗಲೇ ಒಂದು ಮಗು ಹೆತ್ತವರಲ್ಲಿ ಮನೆಗೂ ಆಸ್ಪತ್ರೆಗೂ ಗಮನಿಸಬೇಕಾದ ವ್ಯತ್ಯಾಸ ಸಿಗಲಿಲ್ಲ. ಚೊಚ್ಚಲಿನವರಲ್ಲಿ ಸಿಕ್ಕಿತು. ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆಯಲ್ಲಿ 9.3 ಇತ್ತು. ಎರಡೂ ಸಣ್ಣ ಸಂಖ್ಯೆಗಳೇ. ಸಾವಿರದಲ್ಲಿ ಒಂಬೈನೂರ ತೊಂಬತ್ತು ಮಕ್ಕಳು ಎರಡೂ ಕಡೆ ಚೆನ್ನಾಗಿಯೇ ಹುಟ್ಟಿದವು. ಆದರೆ ಹೆಚ್ಚಾದ ಆ ನಾಲ್ಕು ಮನೆಗಳ ಪಾಲಿಗೆ ಅದು ಸಂಖ್ಯೆಯಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ ಅಧ್ಯಯನದ ಇನ್ನೊಂದು ಅಂಕಿ. ಮನೆಯಲ್ಲಿ ಹೆರಬೇಕೆಂದು ಹೊರಟ ಚೊಚ್ಚಲಿನವರಲ್ಲಿ ನೂರಕ್ಕೆ 45 ಮಂದಿಯನ್ನು ನೋವಿನ ನಡುವೆಯೋ ಹೆರಿಗೆಯಾದ ಕೂಡಲೆಯೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಎರಡನೆಯ, ಮೂರನೆಯ ಹೆರಿಗೆಯವರಲ್ಲಿ ಇದು ನೂರಕ್ಕೆ 12 ಮಾತ್ರ. ಎಲ್ಲ ಪರೀಕ್ಷೆಯಲ್ಲೂ ಪಾಸಾದ, ಯಾವ ಕಾಯಿಲೆಯೂ ಇಲ್ಲದ ಹೆಂಗಸರ ಲೆಕ್ಕ ಇದು. ಅಂದರೆ ಚೊಚ್ಚಲು ಬಸುರಿ ಮನೆಯಲ್ಲಿ ಹೆರುತ್ತೇನೆ ಅಂದಾಗ, ಅರ್ಧಕ್ಕರ್ಧ ಪಾಲು ಅವಳು ಗಾಡಿ ಹತ್ತುವುದಕ್ಕೂ ಒಪ್ಪಿಕೊಂಡ ಹಾಗೆ.

ಯಾಕೆ ಹೀಗೆ? ಮೊದಲ ಹೆರಿಗೆಯಲ್ಲಿ ದೇಹ ತನಗೆ ಗೊತ್ತಿಲ್ಲದ ದಾರಿಯನ್ನು ತಾನೇ ಮಾಡಿಕೊಳ್ಳಬೇಕು. ಗರ್ಭಕೋಶದ ಬಾಯಿ ಮೊದಲು ಮೆತ್ತಗಾಗಿ, ತೆಳುವಾಗಿ, ಆಮೇಲೆ ತೆರೆದುಕೊಳ್ಳುತ್ತದೆ. ಎರಡನೆಯ ಸಲ ಈ ಎರಡೂ ಕೆಲಸ ಒಟ್ಟೊಟ್ಟಿಗೆ ನಡೆದುಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಸೂಚನೆಗಳ ಪ್ರಕಾರ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೂ ಚೊಚ್ಚಲಿನವರಿಗೆ ಹನ್ನೆರಡು ಗಂಟೆಯವರೆಗೆ ಹಿಡಿಯಬಹುದು, ಪೂರ್ತಿ ತೆರೆದ ಮೇಲೆ ಮಗು ಹೊರಬರಲು ಮೂರು ಗಂಟೆಯವರೆಗೆ ಬೇಕಾಗಬಹುದು. ಅಷ್ಟು ಹೊತ್ತು ಪ್ರತಿ ನೋವಿಗೂ ಮಗುವಿಗೆ ಹೋಗುವ ರಕ್ತ ಕ್ಷಣಕಾಲ ಕಡಿಮೆಯಾಗುತ್ತದೆ. ಬಹುಪಾಲು ಮಕ್ಕಳು ತಾಳಿಕೊಳ್ಳುತ್ತವೆ, ಕೆಲವು ಬಳಲುತ್ತವೆ. ತಾಯಿಯ ಕಟಿ ಈ ತಲೆಗೆ ಸಾಕಾದೀತೇ ಎಂಬುದಕ್ಕೆ ಹಿಂದಿನ ಸಾಕ್ಷಿಯಿಲ್ಲ. ಬಿಪಿ ಏರಿ, ಕಾಲು ಊದಿ ಕೊನೆಗೆ ಫಿಟ್ಸ್ ತರಿಸುವ ಗರ್ಭದ ನಂಜು ಕೂಡ ಮೊದಲ ಬಸಿರಿನಲ್ಲೇ ಹೆಚ್ಚು. ಒಂದು ಹೆತ್ತವಳಿಗೆ "ಹೋದ ಸಲ ಸಲೀಸಾಗಿ ಆಯ್ತು" ಅನ್ನುವುದೇ ದೊಡ್ಡ ಸರ್ಟಿಫಿಕೇಟು. ಚೊಚ್ಚಲಿನವಳ ಕೈಯಲ್ಲಿ ಅದಿಲ್ಲ.

ಇಂಗ್ಲೆಂಡಿನ ಈ ಅಂಕಿಗಳನ್ನು ಹಿಡಿದು ಇಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾದೀತು. ನೆದರ್ಲೆಂಡ್ಸ್‌ನ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಅಲ್ಲಿ 2009ರಲ್ಲಿ ಐದು ಲಕ್ಷಕ್ಕೂ ಮೀರಿದ, 2015ರಲ್ಲಿ ಏಳು ಲಕ್ಷಕ್ಕೂ ಮೀರಿದ ಹೆರಿಗೆಗಳ ದಾಖಲೆ ನೋಡಿ ಬರೆದ ವರದಿಗಳಲ್ಲಿ ಮನೆಗೂ ಆಸ್ಪತ್ರೆಗೂ ಮಕ್ಕಳ ಸಾವಿನಲ್ಲಿ ಅಂತರ ಕಾಣಲಿಲ್ಲ. ಎರಡನೆಯ ವರದಿ ಚೊಚ್ಚಲಿನವರನ್ನೇ ಬೇರ್ಪಡಿಸಿ ನೋಡಿತು, ಅಲ್ಲೂ ಕಾಣಲಿಲ್ಲ. 2019ರಲ್ಲಿ ಕೆನಡಾದ ಸಂಶೋಧಕರು ಹಲವು ದೇಶಗಳ ಸುಮಾರು ಐದು ಲಕ್ಷ ಮನೆಹೆರಿಗೆಗಳನ್ನು ಒಟ್ಟುಗೂಡಿಸಿದಾಗಲೂ, ಮಿಡ್‌ವೈಫ್ ಮತ್ತು ಆಸ್ಪತ್ರೆ ಒಂದೇ ವ್ಯವಸ್ಥೆಯ ಎರಡು ಕೈಗಳಂತೆ ಕೆಲಸ ಮಾಡುವ ಕಡೆ ಅಪಾಯ ಹೆಚ್ಚಿರಲಿಲ್ಲ. ಅಮೆರಿಕದ ಆರೆಗನ್ ರಾಜ್ಯದಲ್ಲಿ 2012 ಮತ್ತು 2013ರ ಹೆರಿಗೆಗಳನ್ನು ನೋಡಿದಾಗ ಚಿತ್ರ ತಿರುಗಿತು. ಆಸ್ಪತ್ರೆಯಲ್ಲಿ ಹೆರಲು ಹೊರಟವರಲ್ಲಿ ಸಾವಿರಕ್ಕೆ 1.8 ಮಕ್ಕಳು ಸತ್ತರೆ, ಹೊರಗೆ ಹೆರಲು ಹೊರಟವರಲ್ಲಿ 3.9.

ಒಂದೇ ಬಗೆಯ ಹೆಂಗಸರು, ಒಂದೇ ಬಗೆಯ ಮಂಚ. ಮತ್ತೇಕೆ ಈ ಅಂತರ? ಡಚ್ ಮಿಡ್‌ವೈಫ್ ಯಾರನ್ನು ಮನೆಯಲ್ಲಿ ಹೆರಿಸಬಹುದು, ಯಾರನ್ನು ಕೂಡದು ಎಂಬುದಕ್ಕೆ ದೇಶಕ್ಕೆಲ್ಲ ಒಂದೇ ಪಟ್ಟಿಯಿದೆ. ಆಕೆ ಫೋನು ಮಾಡಿದರೆ ಆಸ್ಪತ್ರೆ ಪ್ರಶ್ನೆ ಕೇಳದೆ ಬಾಗಿಲು ತೆರೆಯುತ್ತದೆ. ದೇಶ ಚಿಕ್ಕದು, ನೆಲ ಚಪ್ಪಟೆ, ಆಂಬುಲೆನ್ಸ್ ಬೇಗ ಮುಟ್ಟುತ್ತದೆ. ಆಕೆಯ ಚೀಲದಲ್ಲಿ ಮಗುವಿನ ಎದೆಬಡಿತ ಕೇಳುವ ಯಂತ್ರ, ರಕ್ತ ನಿಲ್ಲಿಸುವ ಇಂಜೆಕ್ಷನ್, ಉಸಿರಾಡದ ಮಗುವಿಗೆ ಗಾಳಿ ಒತ್ತುವ ರಬ್ಬರ್ ಚೀಲ ಇರುತ್ತವೆ. ಹೆರಿಗೆಯಾದ ಮೇಲೆ ಒಂದು ವಾರ ಬಾಣಂತನದ ಸಹಾಯಕಿ ಮನೆಗೇ ಬರುತ್ತಾಳೆ. ಅಮೆರಿಕದಲ್ಲಿ ಮಿಡ್‌ವೈಫ್‌ನ ಓದು, ಪರವಾನಗಿ ರಾಜ್ಯಕ್ಕೊಂದು ಥರ. ಎಷ್ಟೋ ಕಡೆ ಆಸ್ಪತ್ರೆಯವರಿಗೂ ಅವರಿಗೂ ಮಾತುಕತೆಯೇ ಇಲ್ಲ. ಕಷ್ಟ ಬಂದಾಗ ಸಾಗಿಸುವುದು ತಡವಾಗುತ್ತದೆ. ಮನೆಯಲ್ಲಿ ಹೆತ್ತವಳು ಉಳಿಯುವುದು ಮನೆಯ ಹಿಂದೆ ನಿಂತಿರುವ ಈ ವ್ಯವಸ್ಥೆಯಿಂದ ಎಂದು ನನಗೆ ಮನದಟ್ಟಾದದ್ದು ಇಲ್ಲಿ.

ಇದನ್ನು ಔಷಧಿಯ ಹಾಗೆ ಚೀಟಿ ಎತ್ತಿ ಪರೀಕ್ಷಿಸಲು ಯಾಕಾಗುವುದಿಲ್ಲ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಪ್ರಯತ್ನಿಸಿದಾಗ ಹನ್ನೊಂದು ಹೆಂಗಸರು ಸಿಕ್ಕರು. ಎಲ್ಲಿ ಹೆರಬೇಕೆಂಬುದನ್ನು ಚೀಟಿಗೆ ಬಿಟ್ಟುಕೊಡುವ ಹೆಂಗಸರು ಇಲ್ಲ, ಇರಲೂ ಬಾರದು.

ಈಗ ನಮ್ಮ ಕಡೆಗೆ ಬರೋಣ.

ನಮ್ಮಲ್ಲಿ ಚೊಚ್ಚಲು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಮದುವೆಯ ದಿನವೇ ನಿಗದಿಯಾಗಿರುತ್ತದೆ: ತವರಿನಲ್ಲಿ. ಅದರ ಹಿಂದಿನ ಕರುಣೆ ನನಗೆ ಅರ್ಥವಾಗುತ್ತದೆ. ಬೈದರೂ ಅಮ್ಮ, ಉಣ್ಣಿಸಿದರೂ ಅಮ್ಮ. ಆದರೆ ಏಳು ತಿಂಗಳು ಒಬ್ಬ ಡಾಕ್ಟರ್ ನೋಡಿದ ಬಸುರಿ ಸೀಮಂತ ಮುಗಿಸಿ ಬೇರೆ ಜಿಲ್ಲೆಯ ತವರಿಗೆ ಬರುತ್ತಾಳೆ. ಅವಳ ಬಿಪಿ ಆರನೇ ತಿಂಗಳಲ್ಲಿ ಎಷ್ಟಿತ್ತು, ಕೊನೆಯ ಸ್ಕ್ಯಾನಿಂಗ್‌ನಲ್ಲಿ ಏನಿತ್ತು ಎಂಬುದನ್ನು ಹೊಸ ಊರಿನ ನರ್ಸಮ್ಮನಿಗೆ ಹೇಳುವುದು ಒಂದು ತಾಯಿ ಕಾರ್ಡು ಮಾತ್ರ. ಅದನ್ನು ಗಂಡನ ಮನೆಯ ಬೀರುವಿನಲ್ಲಿ ಮರೆತು ಬಂದವರನ್ನು ನಾನೇ ಕಂಡಿದ್ದೇನೆ. ತವರುಮನೆ ಯಾವ ಊರಿನಲ್ಲಿದೆ, ಅಲ್ಲಿಂದ ಆಪರೇಷನ್ ಥಿಯೇಟರ್ ಮತ್ತು ರಕ್ತ ಇರುವ ಆಸ್ಪತ್ರೆಗೆ ಎಷ್ಟು ಹೊತ್ತು ಎಂಬುದು ಸೀಮಂತದ ಮುಹೂರ್ತದಷ್ಟೇ ಮುಖ್ಯವಾಗಿ ಮಾತಾಗಬೇಕು.

ಸೂಲಗಿತ್ತಿಯರನ್ನು ಮರೆತು ಈ ಮಾತು ಮುಂದುವರಿಯದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಎಂದು ಹೆಸರಾದವರು. ಒಂದು ಕಾಸೂ ಕೇಳದ ಆ ಕೈಗಳಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರು ಇಲ್ಲದಿದ್ದರೆ ನಮ್ಮ ಹಳ್ಳಿಗಳ ಒಂದು ತಲೆಮಾರು ಹುಟ್ಟುತ್ತಲೇ ಇರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಮಲಗಿದೆಯೆಂದು ಹೇಳುವುದು, ನೋವಿನ ಹೆಂಗಸನ್ನು ನಡೆದಾಡಿಸಿ, ಕುಕ್ಕರಗಾಲಲ್ಲಿ ಕೂರಿಸಿ, ಬೆನ್ನು ನೀವುತ್ತಾ ಬೆಳಗಿನವರೆಗೆ ಜೊತೆಗಿರುವುದು ದೊಡ್ಡ ವಿದ್ಯೆ. ಶುಚಿಯಾದ ಕೈ, ಶುಚಿಯಾದ ಬ್ಲೇಡು, ಶುಚಿಯಾದ ದಾರ ಎಂದು ಸೂಲಗಿತ್ತಿಯರಿಗೆ ತರಬೇತಿ ಕೊಟ್ಟದ್ದು, ಬಸುರಿಯರಿಗೆ ಟಿಟಿ ಇಂಜೆಕ್ಷನ್ ಹಾಕಿದ್ದು ಫಲ ಕೊಟ್ಟಿತು. ಎಳೆಗೂಸುಗಳನ್ನು ಕೊಲ್ಲುತ್ತಿದ್ದ ಧನುರ್ವಾಯು 2015ರ ಹೊತ್ತಿಗೆ ದೇಶದಿಂದ ಹೆಚ್ಚುಕಡಿಮೆ ತೊಲಗಿತು. ಆದರೆ ಎಂಥ ನುರಿತ ಕೈಯೂ ಬರಿಗೈಯಲ್ಲಿ ನಿಲ್ಲಿಸಲಾಗದ್ದೊಂದಿದೆ. ಅದು ನೆತ್ತರು.

ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಳ್ಳಬೇಕು. ಬಿಗಿಯದಿದ್ದರೆ ತೆರೆದ ನಲ್ಲಿಯ ಹಾಗೆ ರಕ್ತ ಹೋಗುತ್ತದೆ. ಎರಡು ಗಂಟೆಯೊಳಗೆ ಗಟ್ಟಿಮುಟ್ಟಾದ ಹೆಂಗಸು ಕೈಬಿಟ್ಟುಹೋಗಬಹುದು. ಮೊದಲೇ ರಕ್ತ ಕಡಿಮೆಯಿದ್ದವಳಿಗೆ ಅಷ್ಟು ಹೊತ್ತೂ ಬೇಕಿಲ್ಲ. ಹಳೆಯ ಸೀರೆ, ಗೋಣಿ, ನೆಲದ ಮಣ್ಣು ಎಲ್ಲ ನೆತ್ತರನ್ನು ಕುಡಿದುಬಿಡುವ ಕೋಣೆಯಲ್ಲಿ ಎಷ್ಟು ಹೋಯಿತೆಂದು ಕಣ್ಣಿಗೆ ತಿಳಿಯುವುದಿಲ್ಲ. ಈ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ್ದು ನಮ್ಮ ಬೆಳಗಾವಿ ಎಂಬುದನ್ನು ಕನ್ನಡಿಗರು ತಿಳಿದಿರಬೇಕು. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ, ಆ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುತ್ತಿದ್ದ 1620 ಹೆಂಗಸರೊಂದಿಗೆ ಒಂದು ಪ್ರಯೋಗ ನಡೆಸಿದರು. ಮಗು ಹುಟ್ಟಿದ ಕೂಡಲೇ ಎಎನ್‌ಎಂ ಅರ್ಧದಷ್ಟು ಮಂದಿಗೆ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದಳು, ಉಳಿದವರಿಗೆ ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆ. ರಕ್ತ ಅಳೆಯಲು ಅಲ್ಲೇ ಒಂದು ಸಾಧನ ಮಾಡಿಕೊಂಡರು. ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಕೆಳಗೆ ಜೋಲುವ ಆಲಿಕೆಯಂಥ ಚೀಲ, ಚೀಲದ ಮೇಲೆ ಅಳತೆಯ ಗೆರೆ. ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದವರು ನೂರಕ್ಕೆ 12 ಇದ್ದದ್ದು, ಮಾತ್ರೆ ನುಂಗಿದವರಲ್ಲಿ 6.4ಕ್ಕೆ ಇಳಿಯಿತು. 2006ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. ಅಳತೆಯ ಗೆರೆಯಿರುವ ಅಂಥದೇ ಹಾಳೆಯನ್ನು ಬಳಸಿ, ಗೆರೆ ಮುಟ್ಟಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಶುರುಮಾಡುವ ಕ್ರಮವನ್ನು ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ, ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ನೂರಕ್ಕೆ ಅರವತ್ತರಷ್ಟು ತಗ್ಗಿದ್ದು 2023ರಲ್ಲಿ ವರದಿಯಾಯಿತು.

ಈ ಪ್ರಯೋಗವನ್ನು ಮನೆಹೆರಿಗೆಯ ಪರವಾಗಿಯೂ ಓದಬಹುದು: ಮಾತ್ರೆಯೊಂದಿದ್ದರೆ ಮನೆಯಲ್ಲೂ ಜೀವ ಉಳಿಸಬಹುದಲ್ಲ! ನಿಜ. ಆದರೆ ಆ ಮಾತ್ರೆಯನ್ನು ಹಿಡಿದು ಪಕ್ಕದಲ್ಲಿ ತರಬೇತಿಯ ಎಎನ್‌ಎಂ ಕೂತಿದ್ದಳು. 2018ರ ಜುಲೈನಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಮೊಬೈಲಿನ ವಿಡಿಯೋ ನೋಡಿಕೊಂಡು ಗಂಡ, ಗೆಳೆಯರು ಹೆರಿಗೆ ಮಾಡಿಸಿದಾಗ ತಾಯಿ ರಕ್ತಸ್ರಾವದಿಂದಲೇ ತೀರಿಕೊಂಡಳು. ಅದು ಅವಳ ಎರಡನೆಯ ಹೆರಿಗೆ.

ಕರ್ನಾಟಕದಲ್ಲಿ 2005–06ರಲ್ಲಿ ಮೂರು ಹೆರಿಗೆಯಲ್ಲಿ ಸುಮಾರು ಎರಡು ಆಸ್ಪತ್ರೆಯಲ್ಲಾಗುತ್ತಿದ್ದವು. 2019–21ರ ಹೊತ್ತಿಗೆ ನೂರಕ್ಕೆ 97. ಅದೇ ಕಾಲದಲ್ಲಿ ಲಕ್ಷ ಜನನಕ್ಕೆ 213 ಇದ್ದ ತಾಯಂದಿರ ಸಾವು 69ಕ್ಕೆ ಇಳಿಯಿತು. ಎಲ್ಲ ಶ್ರೇಯವೂ ಆಸ್ಪತ್ರೆಯ ಕಟ್ಟಡಕ್ಕೆ ಸಲ್ಲದು. ಮದುವೆಯ ವಯಸ್ಸು ಏರಿತು, ಮಕ್ಕಳು ಕಡಿಮೆಯಾದವು, ರಸ್ತೆ ಬಂತು, 2008ರಲ್ಲಿ 108 ಆಂಬುಲೆನ್ಸ್ ಬಂತು, ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದಳು. ಆದರೂ ಆ ಇಳಿತದಲ್ಲಿ ಹೆರಿಗೆ ಮನೆಯಿಂದ ಹೊರಗೆ ಹೋದದ್ದರ ಪಾಲು ದೊಡ್ಡದು ಎಂದೇ ನನ್ನ ನಂಬಿಕೆ. ನಮ್ಮಲ್ಲಿ ಡಚ್ಚರ ಹಾಗೆ ಮನೆಗೆ ಬಂದು ಹೆರಿಸುವ, ಆಸ್ಪತ್ರೆಗೆ ಬೆಸೆದುಕೊಂಡ ಮಿಡ್‌ವೈಫ್ ವ್ಯವಸ್ಥೆ ಇಲ್ಲ. ಅದಿಲ್ಲದಿರುವಾಗ ಚೊಚ್ಚಲು ಬಸುರಿಗೆ ಮನೆಯಲ್ಲಿ ಹೆರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು ಹುಡುಗಿಯ ಭಯ ಸುಳ್ಳಾಗುವುದಿಲ್ಲ. ಕರ್ನಾಟಕದಲ್ಲಿ 2019–21ರ ಹೊತ್ತಿಗೆ ನೂರು ಹೆರಿಗೆಯಲ್ಲಿ 31ಕ್ಕಿಂತ ಹೆಚ್ಚು ಸಿಸೇರಿಯನ್ ಆಗುತ್ತಿದ್ದವು. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಅದು 47ಕ್ಕೂ ಮೀರಿತ್ತು, ಸರ್ಕಾರಿ ಆಸ್ಪತ್ರೆಗಳಲ್ಲಿ 14ರಷ್ಟಿತ್ತು. ಹೆಂಗಸರ ಮೈ ಸರ್ಕಾರಿ ಬಾಗಿಲಲ್ಲಿ ಒಂದು ಥರ, ಖಾಸಗಿ ಬಾಗಿಲಲ್ಲಿ ಇನ್ನೊಂದು ಥರ ಇರುವುದು ಸಾಧ್ಯವಿಲ್ಲ. ಮೊದಲನೆಯದು ಸಿಸೇರಿಯನ್ ಆದರೆ ಮುಂದಿನದಕ್ಕೂ ಅದೇ ದಾರಿಯಾಗುವುದು ಹೆಚ್ಚು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತು, ಅವರಿಗೆ ಏರಿಸಿದ ಐವಿ ದ್ರಾವಣದ ಮೇಲೆ ಅನುಮಾನ ಬಂದಾಗ ಇಡೀ ರಾಜ್ಯದ ಬಸುರಿಯರ ಮನೆಗಳಲ್ಲಿ ನಿದ್ದೆ ಕೆಟ್ಟಿತು. ಆಸ್ಪತ್ರೆಗೆ ಬನ್ನಿ ಎಂದು ಕರೆದ ಸರ್ಕಾರಕ್ಕೆ, ಬಂದವಳನ್ನು ಜೀವಂತ ಮನೆಗೆ ಕಳಿಸುವ ಹೊಣೆಯೂ ಇದೆ. ನೋವಿನಲ್ಲಿರುವ ಹೆಂಗಸಿಗೆ ಗದರುವುದು, ಅಂಗಾತ ಮಲಗಿಸಿ ಕಾಲು ಕಟ್ಟುವುದು, ಅಮ್ಮನನ್ನು ಬಾಗಿಲ ಹೊರಗೇ ನಿಲ್ಲಿಸುವುದು, ಇವೆಲ್ಲ ಹೆಂಗಸರನ್ನು ಮನೆಯ ಕಡೆಗೆ ತಳ್ಳುತ್ತವೆ.

ಹೆರಿಗೆ ಮುಗಿಯುವವರೆಗೂ ಎದ್ದುಹೋಗದ ಒಂದು ಜೀವ ಜೊತೆಗಿರುವುದು ಮನೆಯ ದೊಡ್ಡ ಬಲ. ಅದನ್ನು ಆಸ್ಪತ್ರೆಗೂ ಒಯ್ಯಬಹುದು. ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರನ್ನೊಳಗೊಂಡ 26 ಪ್ರಯೋಗಗಳನ್ನು 2017ರಲ್ಲಿ ಒಟ್ಟಿಗೆ ನೋಡಿದಾಗ, ಹಾಗೆ ಜೊತೆಗಾರರಿದ್ದವರಿಗೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಹೊತ್ತೂ ಕಡಿಮೆ ಎಂದು ಕಂಡಿತು. ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗಾರ್ತಿಯನ್ನು ಒಳಬಿಡಲು ಕೇಂದ್ರ 2016ರಲ್ಲೇ ಹೇಳಿದೆ. 2018ರಲ್ಲಿ ಮಿಡ್‌ವೈಫರಿ ಮಾರ್ಗಸೂಚಿ ಬಂತು. ಆಸ್ಪತ್ರೆಯ ಆವರಣದಲ್ಲೇ, ಥಿಯೇಟರಿನಿಂದ ಕೂಗಳತೆಯಲ್ಲಿ, ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಘಟಕ ಎಂಬುದು ಅದರ ಕನಸು. ಇಂಗ್ಲೆಂಡಿನ ಅಧ್ಯಯನದಲ್ಲಿ ಇಂಥ ಘಟಕಗಳಲ್ಲಿ ಚೊಚ್ಚಲಿನವರ ಮಕ್ಕಳಿಗೆ ಅಪಾಯ ಹೆಚ್ಚಿರಲಿಲ್ಲ, ಸಿಸೇರಿಯನ್ನೂ ಕಡಿಮೆಯಿತ್ತು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದು ಬೇಕು. ಹೆರಿಗೆ ಕೋಣೆಗೆ ಎಸಿ ಹಾಕಿಸುವುದಕ್ಕಿಂತ ಮೊದಲು ಬೇಕು.

ತಂಗಿಯ ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳೇ ತೀರ್ಮಾನಿಸಿದಳು. ಥಿಯೇಟರ್ ಇರುವ, ತಾಯಿಯನ್ನು ಒಳಗೆ ಬಿಡುವ ಆಸ್ಪತ್ರೆಯನ್ನು ಆಶಾ ಕಾರ್ಯಕರ್ತೆಯ ಜೊತೆ ಹೋಗಿ ನೋಡಿಬಂದಳು. ಕೊನೆಯ ವಾರ ಅದರ ಹತ್ತಿರದ ನೆಂಟರ ಮನೆಯಲ್ಲಿ ಉಳಿದಳು. ನೋವು ಹದಿನೈದು ಗಂಟೆ ಎಳೆಯಿತು. ತಂಗಿ ಅಷ್ಟು ಹೊತ್ತೂ ಬೆನ್ನು ನೀವುತ್ತಾ ಒಳಗಿದ್ದಳು. ಕೊನೆಯಲ್ಲಿ ಮಗುವಿನ ಎದೆಬಡಿತ ಇಳಿಯತೊಡಗಿದಾಗ ನರ್ಸಮ್ಮ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ ಡಾಕ್ಟರಿಗೆ ಕೂಗಿದರು. ವ್ಯಾಕ್ಯೂಮ್ ಹಾಕಿ ಎಳೆದರು. ಮಗು ಅಳಲಿಲ್ಲ. ಬಟ್ಟೆಯಿಂದ ಉಜ್ಜಿ, ಪುಟ್ಟ ಮುಖವಾಡವನ್ನು ಮೂಗು ಬಾಯಿಗೆ ಒತ್ತಿ ಹಿಡಿದು, ರಬ್ಬರ್ ಚೀಲವನ್ನು ಮೆಲ್ಲಗೆ ಅದುಮುತ್ತಾ ಹೋದರು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಕ್ಷೀಣವಾಗಿ ಒಂದು ದನಿ, ಆಮೇಲೆ ಜೋರಾದ ಅಳು.

ಹೆಣ್ಣುಮಗು. ಮನೆಗೆ ಬಂದ ದಿನ ಅಮ್ಮ ಅದನ್ನು ಮಡಿಲಲ್ಲಿ ಹಾಕಿಕೊಂಡು ತಂಗಿಯನ್ನು ಕೇಳಿದಳು, "ಹುಟ್ಟಿದಾಗ ಯಾವ ಬಣ್ಣ ಇತ್ತೇ?"

"ನೀಲಿಯಿತ್ತಮ್ಮ. ಚೀಲದಲ್ಲಿ ಗಾಳಿ ಹಾಕಿದ ಮೇಲೆ ಕೆಂಪಾಯ್ತು."

"ಆ ಚೀಲ ಎಷ್ಟು ದೊಡ್ಡದು?"

ತಂಗಿ ಕೈಯಲ್ಲಿ ತೋರಿಸಿದಳು. "ಇಷ್ಟೇ. ಒಂದು ಮಾದಲಕಾಯಿಯಷ್ಟು."

ಅಮ್ಮ ಮಗುವನ್ನು ನನ್ನ ಕೈಗೆ ಕೊಟ್ಟು, ತನ್ನ ಎರಡೂ ಅಂಗೈ ಜೋಡಿಸಿ ಆ ಗಾತ್ರ ಮಾಡಿ ಬಹಳ ಹೊತ್ತು ನೋಡಿಕೊಂಡಳು.